ಆಚೆಗೆ ಹೋದವರು ಮರಳಿ ಬರುವ ಬಗೆ: ವರ್ಮ್‌ಹೋಲ್ ಮತ್ತು ವಿಚಿತ್ರ ವಲಯಗಳ ಚಿತ್ರಗಳಲ್ಲಿ ಯಾವುದನ್ನು ಯಾರು ನೋಡಬೇಕು

ಶಿರಸಿಯ ಸುತ್ತಮುತ್ತ ಮಳೆಗಾಲ ಹಿಡಿಯಿತೆಂದರೆ, ಅಡಿಕೆಗೆ ಕೊಳೆಮದ್ದು ಹೊಡೆದಾದ ಮೇಲೆ, ಸಂಜೆ ಮನೆಯಿಂದ ಹೊರಬೀಳುವ ಕಾರಣಗಳು ಕಡಿಮೆಯಾಗುತ್ತವೆ. ಕಳೆದ ನಾಲ್ಕು ಮಳೆಗಾಲಗಳಿಂದ ನಮ್ಮ ಮನೆಯ ಜಗಲಿಯ ಬಿಳಿ ಗೋಡೆಯ ಮೇಲೆ ಸಣ್ಣ ಪ್ರೊಜೆಕ್ಟರಿನಿಂದ ಸಿನಿಮಾ ನೋಡುವ ರೂಢಿ ಬೆಳೆದಿದೆ. ಎಂಬತ್ತರ ಹತ್ತಿರವಿರುವ ನನ್ನ ಆಯಿ, ಎಂಟನೆಯ ತರಗತಿಯಲ್ಲಿ ಓದುವ ಅಣ್ಣನ ಮಗಳು, ಕಾರವಾರದ ಕೋಡಿಬಾಗದಿಂದ ಬರುವ ಅಕ್ಕ ಮತ್ತು ಭಾವ, ಆಚೆಮನೆಯ ಇಬ್ಬರು ಕಾಲೇಜು ಹುಡುಗರು: ಇವರೆಲ್ಲ ಒಂದೇ ಗೋಡೆಯ ಮುಂದೆ ಕೂರುತ್ತಾರೆ. ನಾನು ಭೌತಶಾಸ್ತ್ರ ಪಾಠ ಮಾಡಿದವನಾದ್ದರಿಂದ ವರ್ಮ್‌ಹೋಲ್ (ಆಕಾಶದ ದೂರದ ಎರಡು ಕಡೆಗಳನ್ನು ಜೋಡಿಸುವ ಒಳದಾರಿ), ಬೇರೆ ಲೋಕದ ಬಾಗಿಲು, ನಿಯಮ ತಪ್ಪಿದ ವಲಯಗಳ ಚಿತ್ರಗಳನ್ನು ಆರಿಸುವ ಹೊಣೆ ನನ್ನ ಮೇಲೆ ಬಿದ್ದಿದೆ.

ಮೊದಲ ವರ್ಷದ ನನ್ನ ಆಯ್ಕೆ ತಪ್ಪಾಗಿತ್ತು. 1997ರ 'ಈವೆಂಟ್ ಹೊರೈಜನ್' ಚಿತ್ರದಲ್ಲಿ ಹಾಳೆಯೊಂದನ್ನು ಮಡಚಿ, ಪೆನ್ನಿನಿಂದ ಚುಚ್ಚಿ, ದೂರದ ಎರಡು ಬಿಂದುಗಳನ್ನು ಹತ್ತಿರ ತರುವುದನ್ನು ವಿವರಿಸುವ ದೃಶ್ಯವಿದೆ. ಆ ದೃಶ್ಯ ಮಾತ್ರ ನನ್ನ ನೆನಪಿನಲ್ಲಿ ಉಳಿದಿತ್ತು. ಉಳಿದ ಚಿತ್ರ ರಕ್ತದಲ್ಲಿ ಅದ್ದಿ ತೆಗೆದ ಭಯಾನಕ ಕಥೆಯೆಂಬುದು ಮರೆತುಹೋಗಿತ್ತು. ಅಣ್ಣನ ಮಗಳು ಎರಡು ರಾತ್ರಿ ನಿದ್ದೆ ಮಾಡಲಿಲ್ಲ, ಆ ಹೊಣೆ ನನ್ನದೇ. 'ವರ್ಮ್‌ಹೋಲ್ ಚಿತ್ರ' ಎಂಬ ಒಂದೇ ಹಣೆಪಟ್ಟಿಯ ಅಡಿಯಲ್ಲಿ ಎಷ್ಟು ಬೇರೆಬೇರೆ ಸ್ವಭಾವದ ಚಿತ್ರಗಳಿವೆ ಎಂಬುದು ನನಗೆ ತಿಳಿದದ್ದು ಹಾಗೆ.

ಆರಿಸುವ ಅಳತೆಗೋಲನ್ನು ನನಗೆ ಕೊಟ್ಟವರು ಆಯಿ. ಎರಡನೆಯ ಮಳೆಗಾಲದಲ್ಲಿ 'ಇಂಟರ್‌ಸ್ಟೆಲ್ಲರ್' ಮುಗಿದಾಗ ಅವರು, "ಇದು ರೇವತಿ ಕಥೆನೇ ಅಲ್ದಾ, ತಮಾ?" ಎಂದರು. ಭಾಗವತದಲ್ಲಿ ಕಕುದ್ಮಿ ರಾಜನು ಮಗಳು ರೇವತಿಗೆ ತಕ್ಕ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಗಂಧರ್ವರ ಗಾನ ಮುಗಿಯುವವರೆಗೆ ಸ್ವಲ್ಪ ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದು, ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರಾಗಲಿ ಅವರ ವಂಶದ ಹೆಸರಾಗಲಿ ಉಳಿದಿರುವುದಿಲ್ಲ. ಪುರಾಣ ಬರೆದವರಿಗೆ, ಕಾಲ ಎಲ್ಲೆಡೆ ಒಂದೇ ವೇಗದಲ್ಲಿ ಓಡುವುದಿಲ್ಲವೆನ್ನುವ ಸಾಪೇಕ್ಷತಾ ಸಿದ್ಧಾಂತ ತಿಳಿದಿತ್ತು ಎಂದು ನಾನು ಖಂಡಿತ ಹೇಳುವುದಿಲ್ಲ. ಆದರೆ ಆಯಿ ಹಿಡಿದ ಎಳೆ ಸರಿಯಾಗಿತ್ತು: ಇಂಥ ಕಥೆಗಳಲ್ಲಿ ಬಾಗಿಲಿನ ಆಚೆ ಏನಿದೆ ಎಂಬುದಕ್ಕಿಂತ, ಆಚೆ ಹೋದವರು ಮರಳುವಾಗ ಏನನ್ನು ತೆರಬೇಕಾಗುತ್ತದೆ ಎಂಬುದೇ ಒಂದು ಚಿತ್ರವನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆ. ಅಂದಿನಿಂದ ನಾನು ಚಿತ್ರಗಳನ್ನು ಅಳೆಯುವುದು ಆ ಬೆಲೆಯಿಂದ.

ಹೋಲಿಸುವ ಮೊದಲು ವಿಜ್ಞಾನದ ಒಂದಿಷ್ಟು ಹಿನ್ನೆಲೆ ಬೇಕು. ಅಂಕೋಲೆಯ ಕರಿ ಇಶಾಡ ಮಾವಿನ ಹಣ್ಣಿನ ಸಿಪ್ಪೆಯ ಮೇಲೆ ತೆವಳುವ ಹುಳು ಈ ಬದಿಯಿಂದ ಆ ಬದಿಗೆ ಹೋಗಲು ಅರ್ಧ ಹಣ್ಣನ್ನು ಸುತ್ತಬೇಕು; ತಿರುಳನ್ನು ಕೊರೆದುಕೊಂಡು ಹೋದರೆ ದಾರಿ ಹತ್ತಿರವಾಗುತ್ತದೆ. ಹುಳುವಿನ ರಂಧ್ರ ಎಂಬ ಹೆಸರಿನ ಹಿಂದಿನ ಚಿತ್ರ ಇಂಥದು. 1935ರಲ್ಲಿ ಐನ್‌ಸ್ಟೈನ್ ಮತ್ತು ನೇಥನ್ ರೋಸೆನ್ ಸಾಮಾನ್ಯ ಸಾಪೇಕ್ಷತೆಯ ಸಮೀಕರಣಗಳಲ್ಲಿ ಎರಡು ಪ್ರದೇಶಗಳನ್ನು ಜೋಡಿಸುವ ಸೇತುವೆಯನ್ನು ಕಂಡರು, 1957ರ ಹೊತ್ತಿಗೆ ಭೌತವಿಜ್ಞಾನಿ ಜಾನ್ ವೀಲರ್ ಇಂಥ ರಚನೆಯನ್ನು ವರ್ಮ್‌ಹೋಲ್ ಎಂದು ಕರೆದರು. 1962ರಲ್ಲಿ ಅದೇ ವೀಲರ್ ಮತ್ತು ರಾಬರ್ಟ್ ಫುಲ್ಲರ್, ಆ ಸೇತುವೆ ಬೆಳಕಿನ ಕಿರಣವೊಂದು ದಾಟುವುದಕ್ಕೂ ಅವಕಾಶ ಕೊಡದೆ ಮುಚ್ಚಿಹೋಗುತ್ತದೆ ಎಂದು ತೋರಿಸಿದರು. ಹಾಗೆ ಮುಚ್ಚಿದ ದಾರಿ ಕಾಗದದ ಮೇಲಾದರೂ ಮತ್ತೆ ತೆರೆದದ್ದು ಒಂದು ಕಾದಂಬರಿಯ ಕಾರಣದಿಂದ, ಮತ್ತು ಆ ಕಾದಂಬರಿಯೇ ಮುಂದೆ ನಾನು ಮೊದಲಿಗೆ ಸೂಚಿಸಲಿರುವ ಚಿತ್ರವಾಯಿತು.

'ಕಾಂಟ್ಯಾಕ್ಟ್' ಮತ್ತು 'ಇಂಟರ್‌ಸ್ಟೆಲ್ಲರ್'

ಹೆಚ್ಚಿನವರು ಕೇಳುವುದು ಈ ಎರಡರ ನಡುವಿನ ಆಯ್ಕೆಯನ್ನೇ. ಎರಡರ ಬೇರೂ ಒಂದೇ ಎಂಬುದು ಅನೇಕರಿಗೆ ತಿಳಿದಿಲ್ಲ. ಖಗೋಳವಿಜ್ಞಾನಿ ಕಾರ್ಲ್ ಸಗಾನ್ ತಮ್ಮ 'ಕಾಂಟ್ಯಾಕ್ಟ್' ಕಾದಂಬರಿಯ ನಾಯಕಿಯನ್ನು, ಬೆಳಕನ್ನೂ ಹೊರಬಿಡದಷ್ಟು ಗುರುತ್ವವುಳ್ಳ ಕಪ್ಪುರಂಧ್ರದ ಮೂಲಕ ದೂರದ ನಕ್ಷತ್ರದತ್ತ ಕಳಿಸಲು ಬಯಸಿ, ಗೆಳೆಯ, ಭೌತವಿಜ್ಞಾನಿ ಕಿಪ್ ಥಾರ್ನ್ ಅವರ ಅಭಿಪ್ರಾಯ ಕೇಳಿದರು. ಕಪ್ಪುರಂಧ್ರದೊಳಗೆ ಹೋದವರು ಉಳಿಯಲಾರರು, ವರ್ಮ್‌ಹೋಲ್ ಬಳಸುವುದು ಮೇಲು ಎಂದು ಥಾರ್ನ್ ಸಲಹೆ ಕೊಟ್ಟರು. ಕಾದಂಬರಿ 1985ರಲ್ಲಿ ಬಂತು. ಆ ಪ್ರಶ್ನೆ ಥಾರ್ನ್ ಅವರನ್ನು ಬಿಡಲಿಲ್ಲ. 1988ರಲ್ಲಿ ಅವರು ತಮ್ಮ ವಿದ್ಯಾರ್ಥಿ ಮೈಕಲ್ ಮಾರಿಸ್ ಜೊತೆ ಪ್ರಕಟಿಸಿದ ಲೇಖನದಲ್ಲಿ, ಋಣಾತ್ಮಕ ಶಕ್ತಿಯುಳ್ಳ ವಿಲಕ್ಷಣ ದ್ರವ್ಯವೊಂದು ದೊರೆತರೆ ಮಾತ್ರ ವರ್ಮ್‌ಹೋಲಿನ ಕತ್ತು ತೆರೆದು ನಿಲ್ಲಬಲ್ಲದು ಎಂದು ಲೆಕ್ಕ ಹಾಕಿದರು. ಅಂಥ ದ್ರವ್ಯವನ್ನು ಬೇಕಾದ ಪ್ರಮಾಣದಲ್ಲಿ ಯಾರೂ ಕಂಡಿಲ್ಲ. ಅದೇ ಥಾರ್ನ್ 2014ರಲ್ಲಿ ಕ್ರಿಸ್ಟೊಫರ್ ನೋಲನ್ ನಿರ್ದೇಶಿಸಿದ 'ಇಂಟರ್‌ಸ್ಟೆಲ್ಲರ್'ಗೆ ವಿಜ್ಞಾನ ಸಲಹೆಗಾರರಾಗಿ, ನಿರ್ಮಾಪಕರಲ್ಲಿ ಒಬ್ಬರಾಗಿ ನಿಂತರು. ಆಕಾಶದ ಹಂದರವನ್ನೇ ಅಲುಗಿಸುವ ಗುರುತ್ವ ತರಂಗಗಳ ಶೋಧಕ್ಕಾಗಿ 2017ರಲ್ಲಿ ನೊಬೆಲ್ ಹಂಚಿಕೊಂಡರು.

ನೋಡುವ ಕಣ್ಣಿಗೆ 'ಇಂಟರ್‌ಸ್ಟೆಲ್ಲರ್' ಗೆಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. ಕಾಗದದ ಮೇಲಿನ ತೂತು ವೃತ್ತವಾದರೆ, ಮೂರು ಆಯಾಮಗಳ ಆಕಾಶದಲ್ಲಿ ಅದು ಗೋಳವಾಗಿರಬೇಕು. ಶನಿಗ್ರಹದ ಬಳಿ ತೇಲುವ ಆ ಗೋಳವನ್ನೂ ಅದರೊಳಗೆ ಬಾಗಿ ಕಾಣುವ ಆಚೆಯ ನಕ್ಷತ್ರಗಳನ್ನೂ ಥಾರ್ನ್ ಕೊಟ್ಟ ಸಮೀಕರಣಗಳಿಂದಲೇ ಕಂಪ್ಯೂಟರಿನಲ್ಲಿ ಬಿಡಿಸಲಾಯಿತು, ಆ ಕೆಲಸದ ಕುರಿತು 2015ರಲ್ಲಿ ಸಂಶೋಧನ ಲೇಖನಗಳೇ ಪ್ರಕಟವಾದವು. ಗಾರ್ಗಾಂಟುವ ಎಂಬ ಕಪ್ಪುರಂಧ್ರದ ಒಂದು ಪಕ್ಕ ಹೆಚ್ಚು ಪ್ರಕಾಶಮಾನವಾಗಿ, ಇನ್ನೊಂದು ಮಂಕಾಗಿ ಕಾಣಬೇಕಿತ್ತು. ಪ್ರೇಕ್ಷಕರಿಗೆ ಗೊಂದಲವಾದೀತೆಂದು ಚಿತ್ರತಂಡ ಅದನ್ನು ಕೈಬಿಟ್ಟಿತು. 2019ರ ಏಪ್ರಿಲಿನಲ್ಲಿ ಎಂ87 ಗ್ಯಾಲಕ್ಸಿಯ ಕಪ್ಪುರಂಧ್ರದ ಮೊದಲ ಚಿತ್ರ ಹೊರಬಂದಾಗ ಅದರ ಸುತ್ತಲಿನ ಬೆಳಕಿನ ಉಂಗುರದ ಒಂದು ಬದಿ ನಿಜಕ್ಕೂ ಹೆಚ್ಚು ಹೊಳೆಯುತ್ತಿತ್ತು. ಮಕ್ಕಳಿಗೆ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಒಂದು ತರಗತಿಯ ಪಾಠ ಅಲ್ಲೇ ಮುಗಿಯುತ್ತದೆ.

ಈ ಚಿತ್ರದಲ್ಲಿ ಮರಳುವುದರ ಬೆಲೆ ಕಾಲ. ಗಾರ್ಗಾಂಟುವದ ಬಳಿಯ ನೀರಿನ ಗ್ರಹದ ಮೇಲಿನ ಒಂದು ಗಂಟೆ ಭೂಮಿಯ ಏಳು ವರ್ಷಗಳಿಗೆ ಸಮ. ಅಂದರೆ ಅಲ್ಲಿನ ಗಡಿಯಾರ ಸುಮಾರು 61,000 ಪಟ್ಟು ನಿಧಾನ. ಇಷ್ಟು ನಿಧಾನವಾಗಲು ಕಪ್ಪುರಂಧ್ರವು ಸಾಧ್ಯವಿರುವ ಗರಿಷ್ಠ ವೇಗಕ್ಕೆ ತೀರ ಸಮೀಪದಲ್ಲಿ ತಿರುಗುತ್ತಿರಬೇಕು. ಪರಿಣಾಮ ಮಾತ್ರ ಕಲ್ಪನೆಯದಲ್ಲ. ಕಾರವಾರದ ಮೀನುಗಾರಿಕಾ ದೋಣಿಗಳಲ್ಲಿರುವ ಜಿಪಿಎಸ್‌ಗೆ ಸಂಕೇತ ಕಳಿಸುವ ಉಪಗ್ರಹಗಳ ಗಡಿಯಾರಗಳು ಭೂಮಿಯ ಗಡಿಯಾರಗಳಿಗಿಂತ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತವೆ, ಅದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಸ್ಥಾನದ ಲೆಕ್ಕ ಹತ್ತು ಕಿಲೋಮೀಟರಿನಷ್ಟು ತಪ್ಪುತ್ತದೆ. ನನ್ನ ಭಾವ ಸರಕು ಹಡಗುಗಳಲ್ಲಿ ದುಡಿದವರು. ಪ್ರತಿ ಬಾರಿ ಮನೆಗೆ ಬಂದಾಗ ಮಗಳು ಒಂದು ಗೇಣು ಬೆಳೆದಿರುತ್ತಿದ್ದಳು ಎಂದು ಆ ರಾತ್ರಿ ಹೇಳಿದ್ದು ಬಿಟ್ಟರೆ ಅವರು ಚಿತ್ರದ ಬಗ್ಗೆ ಬೇರೇನೂ ಮಾತಾಡಲಿಲ್ಲ. ಮನೆಯವರು ದೂರದಲ್ಲಿ ದುಡಿಯುವ ಕರಾವಳಿಯ ಕುಟುಂಬಗಳಿಗೆ ಈ ಚಿತ್ರ ತಟ್ಟುವಷ್ಟು ಇನ್ನಾವುದೂ ತಟ್ಟದು.

ಇಷ್ಟಾದರೂ, ಈ ಬಗೆಯ ಚಿತ್ರವನ್ನು ಒಂದೂ ನೋಡಿರದವರಿಗೆ ನಾನು ಮೊದಲು ಸೂಚಿಸುವುದು 1997ರ 'ಕಾಂಟ್ಯಾಕ್ಟ್' ಅನ್ನೇ. ರಾಬರ್ಟ್ ಝೆಮೆಕಿಸ್ ನಿರ್ದೇಶನದ ಈ ಚಿತ್ರದಲ್ಲಿ ಜೋಡಿ ಫಾಸ್ಟರ್ ವಹಿಸಿದ ವಿಜ್ಞಾನಿ, ರೇಡಿಯೊ ದೂರದರ್ಶಕಗಳ ಮುಂದೆ ಕಿವಿಗೊಟ್ಟು ಕೂತು, ಅಭಿಜಿತ್ ನಕ್ಷತ್ರದ ಕಡೆಯಿಂದ ಬರುವ ಅವಿಭಾಜ್ಯ ಸಂಖ್ಯೆಗಳ ಮಿಡಿತವನ್ನು ಕೇಳುತ್ತಾಳೆ. ಬಾಗಿಲು ತೆರೆಯುವುದು ಎರಡು ಗಂಟೆಯ ಹತ್ತಿರಕ್ಕೆ ಬಂದಾಗ. ಆ ತನಕ ಸಂಕೇತವನ್ನು ಪರೀಕ್ಷಿಸುವುದು, ಬೇರೆ ದೇಶದವರಿಂದ ಖಚಿತಪಡಿಸಿಕೊಳ್ಳುವುದು, ಹಣಕ್ಕಾಗಿ ಬೇಡುವುದು, ಸಮಿತಿಯ ಮುಂದೆ ಉತ್ತರಿಸುವುದು, ಹೀಗೆ ವಿಜ್ಞಾನದ ದಿನನಿತ್ಯದ ದುಡಿಮೆ ನಡೆಯುತ್ತದೆ. ಕಾದು ಕೂತವನಿಗೆ ಬಾಗಿಲು ತೆರೆದಾಗ ಆಗುವ ಅನುಭವವೇ ಬೇರೆ. ಇಲ್ಲಿ ಮರಳಿ ಬಂದವಳು ತೆರಬೇಕಾದದ್ದು ಜನರ ನಂಬಿಕೆಯನ್ನು. ತಾನು ಕಂಡದ್ದನ್ನು ತೋರಿಸಲು ಕೈಯಲ್ಲಿ ಏನೂ ಇಲ್ಲದಾಗ, ಸಾಕ್ಷ್ಯವನ್ನೇ ಬದುಕಾಗಿಸಿಕೊಂಡವಳು ಏನು ಹೇಳಬೇಕು? ಚಿತ್ರ ಮುಗಿದ ಮೇಲೆ ನಮ್ಮ ಜಗಲಿಯಲ್ಲಿ ರಾತ್ರಿ ಹನ್ನೊಂದರವರೆಗೆ ವಾದ ನಡೆದದ್ದು ಈ ಪ್ರಶ್ನೆಯ ಮೇಲೆಯೇ, ಮತ್ತು ಆ ವಾದದಲ್ಲಿ ಎಂಟನೆಯ ತರಗತಿಯ ಹುಡುಗಿಗೂ ಆಯಿಗೂ ಸಮಾನ ಪಾಲಿತ್ತು. ಪ್ರೇಮದ ಎಳೆ ತೆಳುವಾಗಿದೆ, ಅಮೆರಿಕದ ರಾಜಕಾರಣ ನಮ್ಮವರಿಗೆ ದೂರದ್ದು; ಈ ಎರಡು ಕೊರತೆಗಳನ್ನು ಒಪ್ಪಿಕೊಂಡೇ ಹೇಳುತ್ತಿದ್ದೇನೆ. ಸಗಾನ್ ಅವರು ಚಿತ್ರ ತೆರೆಗೆ ಬರುವ ಕೆಲವೇ ತಿಂಗಳ ಮೊದಲು, 1996ರ ಡಿಸೆಂಬರಿನಲ್ಲಿ ತೀರಿಕೊಂಡರು.

ಎರಡರಲ್ಲಿ ಯಾವುದನ್ನು ನೋಡಿದರೂ ಮಕ್ಕಳಿಗೆ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ ಅವರ ಹೆಸರನ್ನು ಹೇಳದೆ ಏಳಬಾರದು. ಕದಡಿದ ಕಪ್ಪುರಂಧ್ರವು ಬಡಿದ ಗಂಟೆಯಂತೆ ನಿರ್ದಿಷ್ಟ ಸ್ವರದಲ್ಲಿ ಮಿಡಿದು ಕ್ಷೀಣಿಸುತ್ತದೆ ಎಂಬುದನ್ನು ಅವರು 1970ರಲ್ಲೇ ಲೆಕ್ಕ ಮಾಡಿ ತೋರಿಸಿದ್ದರು. 2015ರ ಸೆಪ್ಟೆಂಬರ್ 14ರಂದು ಗುರುತ್ವ ತರಂಗ ಮೊದಲ ಬಾರಿಗೆ ಸಿಕ್ಕಿದಾಗ ಅದರ ಬಾಲದಲ್ಲಿ ಕಂಡದ್ದು ಅಂಥ ಕ್ಷೀಣಿಸುವ ಮಿಡಿತ. ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ.

ಬಾಗಿಲಿಲ್ಲದ ವಲಯಗಳು

ಕೆಲವು ಚಿತ್ರಗಳಲ್ಲಿ ದಾಟಲು ಬಾಗಿಲೇ ಇರುವುದಿಲ್ಲ. ಒಂದು ಪ್ರದೇಶವಿರುತ್ತದೆ, ಅದರೊಳಗೆ ನಮಗೆ ಗೊತ್ತಿರುವ ನಿಯಮಗಳು ಸಡಿಲವಾಗುತ್ತವೆ. ಇಲ್ಲಿನ ಹೋಲಿಕೆ 2018ರ 'ಅನಿಹಿಲೇಶನ್' ಮತ್ತು 1979ರ 'ಸ್ಟಾಕರ್' ನಡುವಿನದು. ಮಲೆನಾಡಿನವರಿಗೆ ಈ ಎರಡೂ ಹೊಸ ರೀತಿಯಲ್ಲಿ ಅರ್ಥವಾಗುತ್ತವೆ ಎಂಬುದು ನನ್ನ ಬಲವಾದ ಅನುಭವ.

ಅಲೆಕ್ಸ್ ಗಾರ್ಲೆಂಡ್ ನಿರ್ದೇಶನದ 'ಅನಿಹಿಲೇಶನ್'ನಲ್ಲಿ ಕರಾವಳಿಯ ದೀಪಸ್ತಂಭವೊಂದರ ಸುತ್ತ ಸೋಪಿನ ಗುಳ್ಳೆಯಂತೆ ಮಿನುಗುವ ಪರದೆ ಹರಡುತ್ತಿರುತ್ತದೆ. ಅದರೊಳಗೆ ಬೆಳಕು ವಕ್ರೀಭವನಗೊಳ್ಳುವಂತೆ ಜೀವಿಗಳ ವಂಶವಾಹಿಗಳೂ ಒಂದರೊಳಗೊಂದು ಬಾಗಿ ಬೆರೆಯುತ್ತವೆ. ಒಂದೇ ಬಳ್ಳಿಯಲ್ಲಿ ಹಲವು ಜಾತಿಯ ಹೂಗಳು, ಮನುಷ್ಯಾಕೃತಿಯಲ್ಲಿ ಬೆಳೆದ ಗಿಡಗಳು. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ (ಜೌಗು ಕಾಡಿನಲ್ಲಿ), ನೀರಿನಿಂದ ಮೊಣಕಾಲಿನಂತೆ ಎದ್ದು ಮತ್ತೆ ನೀರಿಗೇ ಬಾಗುವ ಬೇರುಗಳ ನಡುವೆ ನಡೆದವರಿಗೆ ಆ ಕಾಡು ಪೂರ್ತಿ ಅಪರಿಚಿತವೆನಿಸದು. ಇಲ್ಲಿ ಮರಳುವವರು ತೆರುವುದು ತಾವು ಯಾರೆಂಬ ಗುರುತನ್ನು. ಬಂದವರು ಹೋದವರೇ ಹೌದೇ ಎಂಬ ಶಂಕೆ ಕೊನೆಯ ಚೌಕಟ್ಟಿನವರೆಗೂ ಕಾಡುತ್ತದೆ. ಕರಡಿಯ ದೃಶ್ಯವೊಂದು ಬಹಳ ಕ್ರೂರವಾಗಿದೆ. ಹದಿನೆಂಟು ತುಂಬದವರೊಡನೆ ಈ ಚಿತ್ರವನ್ನು ನೋಡಬೇಡಿ.

ಆಂದ್ರೇ ತಾರ್ಕೋವ್ಸ್ಕಿಯವರ 'ಸ್ಟಾಕರ್'ನಲ್ಲಿ ರಕ್ತವಿಲ್ಲ, ರಾಕ್ಷಸರಿಲ್ಲ, ಒಂದೇ ಒಂದು ಯಂತ್ರಚಮತ್ಕಾರವೂ ಇಲ್ಲವೆನ್ನಬಹುದು. ಒಬ್ಬ ದಾರಿ ತೋರುವವನು, ಒಬ್ಬ ಬರಹಗಾರ, ಒಬ್ಬ ಪ್ರಾಧ್ಯಾಪಕ, ಮನದಾಳದ ಬಯಕೆಯನ್ನು ಈಡೇರಿಸುವ ಕೋಣೆಯೊಂದನ್ನು ಹುಡುಕಿ ನಿಷಿದ್ಧ ವಲಯದೊಳಗೆ ನಡೆಯುತ್ತಾರೆ. ಹೊರಗಿನ ಊರು ಕಂದುಬಣ್ಣದಲ್ಲಿದ್ದರೆ ವಲಯ ಹಸಿರಾಗಿದೆ. ದಾರಿ ತೋರುವವನು ಬಟ್ಟೆಯ ಪಟ್ಟಿ ಕಟ್ಟಿದ ನಟ್ಟನ್ನು ಮುಂದೆ ಎಸೆದು, ಅದು ಬಿದ್ದಲ್ಲಿಗೆ ಮಾತ್ರ ಹೆಜ್ಜೆಯಿಡುತ್ತಾನೆ. ಬಂದ ದಾರಿಯಲ್ಲಿ ಹಿಂದಿರುಗಬಾರದು ಎನ್ನುತ್ತಾನೆ. ಗಿಡವನ್ನು ಎಳೆದದ್ದಕ್ಕೆ ಜೊತೆಗಾರನ ಮೇಲೆ ರೇಗುತ್ತಾನೆ. ದೇವರಕಾಡಿಗೆ ಚಪ್ಪಲಿ ಕಳಚಿ ಹೋಗುವ, ಅಲ್ಲಿ ಬಿದ್ದ ಕಟ್ಟಿಗೆಯನ್ನೂ ಮನೆಗೆ ತರದ ನಮ್ಮ ಹಿರಿಯರ ನಡೆ ನೋಡಿದವರಿಗೆ ಅವನ ಈ ವರ್ತನೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಬೇರೆ ಚಿತ್ರಗಳಲ್ಲಿ ದಾಟಿ ಬಂದವರು ಬೆಲೆ ತೆರುತ್ತಾರೆ. ಇಲ್ಲಿ ಹೊಸ್ತಿಲ ಮುಂದೆ ನಿಂತಾಗಲೇ ಲೆಕ್ಕ ಶುರುವಾಗುತ್ತದೆ, ಏಕೆಂದರೆ ಆ ಕೋಣೆ ಈಡೇರಿಸುವುದು ಬಾಯಲ್ಲಿ ಕೇಳಿದ್ದನ್ನಲ್ಲ, ನಿಜವಾಗಿ ಬಯಸಿದ್ದನ್ನು. ಎರಡೂ ಮುಕ್ಕಾಲು ಗಂಟೆಯ ಹತ್ತಿರದ ಈ ಚಿತ್ರ ಬಹಳ ನಿಧಾನ. ದಿನದ ದಣಿವಿನ ಮೇಲೆ ನೋಡಿದರೆ ನಿದ್ದೆ ಬರುತ್ತದೆ. ನನ್ನ ಮಟ್ಟಿಗೆ ಇಲ್ಲಿ ಹೆಸರಿಸಿದ ಚಿತ್ರಗಳಲ್ಲೆಲ್ಲ ದೊಡ್ಡದು ಇದೇ, ಆದರೆ ಇದನ್ನು ಮೊದಲ ಚಿತ್ರವಾಗಿ ಯಾರಿಗೂ ತೋರಿಸಬಾರದು. ರಷ್ಯಾದ ಮಾಸ್‌ಫಿಲ್ಮ್ ಸಂಸ್ಥೆ ಇದನ್ನು ತನ್ನ ಯೂಟ್ಯೂಬ್ ಚಾನೆಲ್ಲಿನಲ್ಲಿ ಇಂಗ್ಲಿಷ್ ಅಡಿಬರಹದೊಂದಿಗೆ ಒದಗಿಸಿದೆ.

ಕರೆಂಟು ಹೋದ ರಾತ್ರಿಗೆ

2013ರ 'ಕೊಹೆರೆನ್ಸ್' ಅನ್ನು ಹೋಲಿಸಲು ಜೊತೆಯ ಚಿತ್ರವಿಲ್ಲ. ಜೇಮ್ಸ್ ವಾರ್ಡ್ ಬರ್ಕಿಟ್ ತಮ್ಮ ಮನೆಯಲ್ಲೇ ಐದು ರಾತ್ರಿಗಳಲ್ಲಿ, ನಟರ ಕೈಗೆ ಪೂರ್ತಿ ಸಂಭಾಷಣೆ ಕೊಡದೆ, ದಿನದಿನದ ಚೀಟಿಗಳನ್ನು ಮಾತ್ರ ಕೊಟ್ಟು ಚಿತ್ರೀಕರಿಸಿದರು. ಎಂಟು ಗೆಳೆಯರು ಊಟಕ್ಕೆ ಸೇರಿದ್ದಾರೆ, ಆಕಾಶದಲ್ಲಿ ಧೂಮಕೇತು ಹಾದುಹೋಗುತ್ತಿದೆ, ಕರೆಂಟು ಹೋಗುತ್ತದೆ, ಸುತ್ತಲಿನ ಕತ್ತಲಲ್ಲಿ ಒಂದೇ ಒಂದು ಮನೆಯಲ್ಲಿ ದೀಪ ಕಾಣುತ್ತದೆ. ಆ ಮನೆಗೆ ಹೋಗಿ ನೋಡಿದವರು ಏನನ್ನು ಕಂಡರು ಎಂಬುದನ್ನು ನಾನು ಹೇಳುವುದಿಲ್ಲ. ಕಣಿವೆಗೊಂದು ಮನೆ, ನಡುವೆ ತೋಟ, ಮಳೆಯಲ್ಲಿ ಕರೆಂಟು ಹೋದ ಮೇಲೆ ಆಚೆ ದಿಬ್ಬದ ಮನೆಯ ಬೆಳಕನ್ನು ನೋಡುತ್ತ ಕೂತ ಅನುಭವವಿರುವ ನಮ್ಮವರಿಗೆ ಈ ಚಿತ್ರ ಕೊಡುವ ನಡುಕ ಪಟ್ಟಣದವರಿಗೆ ಸಿಗಲಾರದು. ಕಾಲೇಜು ಹುಡುಗರಿಗೆ ಇದರಷ್ಟು ಹಿಡಿಸಿದ ಚಿತ್ರ ಇನ್ನೊಂದಿಲ್ಲ. ಕಾಗದ ಹಿಡಿದು ಯಾರು ಯಾವ ಮನೆಯವರೆಂದು ಗುರುತು ಹಾಕುತ್ತ ಎರಡನೆಯ ಬಾರಿ ನೋಡಿದರು. ಮಾತುಗಳು ಒಂದರ ಮೇಲೊಂದು ಬೀಳುವುದರಿಂದ ಅಡಿಬರಹವಿಲ್ಲದೆ ಹಿಡಿಯಲಾಗದು, ಬೈಗುಳಗಳೂ ಇವೆ. 89 ನಿಮಿಷಗಳಲ್ಲಿ ಮುಗಿಯುವುದರಿಂದ ಇನ್ವರ್ಟರಿನ ಬ್ಯಾಟರಿಯ ಮೇಲೂ ನೋಡಿ ಮುಗಿಸಬಹುದು.

ಭಾಷೆಯಲ್ಲಿ ಆಸಕ್ತಿಯಿರುವವರು, ಅದರಲ್ಲೂ ಶಿಕ್ಷಕರು, ಡೆನಿ ವಿಲ್ನವ್ ಅವರ 2016ರ 'ಅರೈವಲ್' ಅನ್ನು ಬಿಡಬಾರದು. ಭೂಮಿಗೆ ಬಂದಿಳಿದ 12 ನೌಕೆಗಳ ಜೀವಿಗಳೊಡನೆ ಮಾತಾಡಲು ಸೇನೆ ಭಾಷಾಶಾಸ್ತ್ರಜ್ಞೆಯೊಬ್ಬಳನ್ನು ಕರೆಸುತ್ತದೆ. 'ಇಲ್ಲಿಗೆ ಬಂದ ಉದ್ದೇಶವೇನು' ಎಂಬ ಒಂದು ಪ್ರಶ್ನೆಯನ್ನು ಕೇಳುವ ಮೊದಲು ಪ್ರಶ್ನೆಯೆಂದರೇನು, 'ನೀನು' ಮತ್ತು 'ನೀವು' ಹೇಗೆ ಬೇರೆ ಎಂಬುದನ್ನೆಲ್ಲ ಕಲಿಸಬೇಕೆಂದು ಅವಳು ಬಿಳಿಹಲಗೆಯ ಮೇಲೆ ಬಿಡಿಸಿ ತೋರಿಸುವ ದೃಶ್ಯವೇ ಚಿತ್ರದ ಪ್ರಾಣ. ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಮಾತಾಡುವ ಕಾರವಾರದ ಮಕ್ಕಳು ಅದನ್ನು ತಕ್ಷಣ ಹಿಡಿದರು. ಕಲಿತ ಭಾಷೆ ಕಾಲದ ಅರಿವನ್ನೇ ಬದಲಿಸುತ್ತದೆ ಎಂಬ ಚಿತ್ರದ ಹೆಜ್ಜೆಯನ್ನು ಭಾಷಾಶಾಸ್ತ್ರಜ್ಞರು ಒಪ್ಪುವುದಿಲ್ಲ, ಅದನ್ನು ಕಥೆಯೆಂದೇ ಸ್ವೀಕರಿಸಬೇಕು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. 1994ರ 'ಸ್ಟಾರ್‌ಗೇಟ್'ನಲ್ಲಿ ಬಾಗಿಲು ಎದ್ದುನಿಂತ ಕೊಳದಂತೆ ಸುಂದರವಾಗಿದೆ. ವಿಜ್ಞಾನ ಕಡಿಮೆ, ಸಾಹಸ ಹೆಚ್ಚು, ಹೈಸ್ಕೂಲಿನ ಮಕ್ಕಳೊಡನೆ ನೋಡಲು ಅಡ್ಡಿಯಿಲ್ಲ. 1968ರ '2001: ಎ ಸ್ಪೇಸ್ ಒಡಿಸ್ಸಿ'ಯ ಕೊನೆಯ ಪಯಣವನ್ನು ದೊಡ್ಡ ಪರದೆಯಲ್ಲಿ ನೋಡಲು ಅವಕಾಶ ಸಿಗುವವರೆಗೆ ಕಾಯುವುದು ಒಳ್ಳೆಯದು. ಕನ್ನಡದಲ್ಲೇ ಬೇಕೆನ್ನುವವರಿಗೆ ಶ್ರೀನಿಧಿ ಬೆಂಗಳೂರು ನಿರ್ದೇಶಿಸಿದ 2024ರ 'ಬ್ಲಿಂಕ್' ಇದೆ. ಅದರ ವಸ್ತು ವರ್ಮ್‌ಹೋಲ್ ಅಲ್ಲ, ಕಾಲಯಾನ.

ಕೊನೆಗೆ ನಮ್ಮ ಕಡೆಯ ಮಳೆಗೇ ಸೇರಿದ ಒಂದು ಮಾತಿದೆ. ಜಗಲಿಯ ಮುಂದಿನ ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಹೊಡೆಯುವಾಗ ಯಾವ ಸ್ಪೀಕರಿನ ಮಾತೂ ಕೇಳಿಸದು. 'ಇಂಟರ್‌ಸ್ಟೆಲ್ಲರ್'ನಲ್ಲಿ ಹಾನ್ಸ್ ಝಿಮ್ಮರ್ ಅವರ ಸಂಗೀತವೇ ಸಂಭಾಷಣೆಯನ್ನು ಮುಳುಗಿಸುತ್ತದೆ ಎಂಬ ದೂರು ಚಿತ್ರ ಬಿಡುಗಡೆಯಾದಾಗಿನಿಂದಲೂ ಇರುವುದರಿಂದ, ಅಡಿಬರಹ ಹಾಕಿಕೊಂಡೇ ನೋಡಿ. 169 ನಿಮಿಷಗಳ ಆ ಚಿತ್ರವನ್ನು ರಾತ್ರಿಗೆ ಇಟ್ಟುಕೊಳ್ಳದೆ, ಭಾನುವಾರ ಮಧ್ಯಾಹ್ನ ಮೂರಕ್ಕೆ ಕಿಟಕಿಗಳಿಗೆ ಕಂಬಳಿ ಕಟ್ಟಿ ಶುರುಮಾಡಿದರೆ ಆಯಾಸವಾಗದು. ಅರ್ಧದ ಹೊತ್ತಿಗೆ, ನೀರಿನ ಗ್ರಹದಿಂದ ನೌಕೆಗೆ ಮರಳಿದ ತಂದೆ, ತಾನಿಲ್ಲದ 23 ವರ್ಷಗಳಲ್ಲಿ ಮಕ್ಕಳು ಕಳಿಸಿದ ಸಂದೇಶಗಳನ್ನು ಒಂದರ ಹಿಂದೊಂದು ನೋಡುತ್ತಾನೆ. ಚಹಾಕ್ಕೆ ಏಳುವುದಿದ್ದರೆ ಆ ದೃಶ್ಯ ಪೂರ್ತಿ ಮುಗಿಯಲಿ. ನಮ್ಮಲ್ಲಿ ಅಂದು ಲೈಟು ಹಾಕಿದಾಗ ಭಾವ ಗೋಡೆಯ ಕಡೆಗೇ ನೋಡುತ್ತಿದ್ದರು. ಅಕ್ಕ ಚಹಾ ತಂದು ಅವರ ಪಕ್ಕದಲ್ಲಿಟ್ಟು, ಮತ್ತೆ ಲೈಟು ಆರಿಸಿದಳು.